ಯಾರ ಮೈಯಲ್ಲಿ ಪರೀಕ್ಷೆ, ಯಾರಿಗೆ ಮದ್ದು?

ಡುಲಾಗ್ಲುಟೈಡ್ ಎಂಬುದು ಮಧುಮೇಹದವರು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಮದ್ದು. 2014ರ ಸೆಪ್ಟೆಂಬರಿನಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಾಗ 0.75 ಮಿಲಿಗ್ರಾಂ ಮತ್ತು 1.5 ಮಿಲಿಗ್ರಾಂ ಎಂಬ ಎರಡು ಡೋಸುಗಳಿದ್ದವು. ಮರುವರ್ಷ ಜಪಾನ್ ಒಪ್ಪಿದ್ದು 0.75 ಒಂದನ್ನೇ. ಕಾಯಿಲೆಯೂ ಅದೇ, ಮದ್ದೂ ಅದೇ, ಡೋಸು ಮಾತ್ರ ಬೇರೆಯಾಗಿತ್ತು. ಏಕೆಂದು ಕೇಳಿದರೆ ಥಟ್ಟನೆ ಬರುವ ಉತ್ತರ, ಜಪಾನೀಯರ ಮೈಯೇ ಬೇರೆ ಎನ್ನುವುದು. ಈ ಉತ್ತರದಲ್ಲಿ ನಿಜವೆಷ್ಟು, ರೂಢಿಯೆಷ್ಟು ಎಂದು ಬಿಡಿಸಿ ನೋಡಬೇಕು. ಒಂದು ದೇಶದ ಜನರ ಮೈಬಗೆಗೆ ವಿಜ್ಞಾನದ ಹೆಸರಿನಲ್ಲಿ ಆಡಿದ ಮಾತು ಬಹುಕಾಲ ಉಳಿಯುತ್ತದೆ, ಮುಂದೆ ಚಿಕಿತ್ಸೆಯನ್ನೇ ತೀರ್ಮಾನಿಸುತ್ತದೆ.

ಮೊದಲು ನಿಜದ ಪಾಲು. ಊಟವಾದ ಮೇಲೆ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಬಿಡುತ್ತದೆ. ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವ ಈ ಹಾರ್ಮೋನು ರಕ್ತದಲ್ಲಿ ಎರಡು ನಿಮಿಷ ಕಳೆಯುವುದರೊಳಗೆ ಅರ್ಧಕ್ಕರ್ಧ ಕರಗಿಹೋಗುತ್ತದೆ. ಡುಲಾಗ್ಲುಟೈಡ್ ಅದರದೇ ಮಾದರಿಯಲ್ಲಿ ಕಟ್ಟಿದ ಅಣು. ಪ್ರತಿಕಾಯದ ಒಂದು ತುಂಡಿಗೆ ಜೋಡಿಸಿರುವುದರಿಂದ ಅದು ಅರ್ಧಕ್ಕಿಳಿಯಲು ಸುಮಾರು ಐದು ದಿನ ಹಿಡಿಯುತ್ತದೆ. ವಾರಕ್ಕೊಂದೇ ಚುಚ್ಚು ಸಾಲುವ ಅನುಕೂಲ ಇಲ್ಲಿಂದ ಬಂದದ್ದು. ತೊಡಕೂ ಇಲ್ಲಿಂದಲೇ. ದಿನದ ಮಾತ್ರೆ ಒಗ್ಗದಿದ್ದರೆ ನಾಳೆಯೇ ಬಿಡಬಹುದು, ವಾರದ ಇಂಜೆಕ್ಷನ್ ಒಳಗೆ ಹೋದ ಮೇಲೆ ಹಿಂದಕ್ಕೆ ತೆಗೆಯಲು ಬರುವುದಿಲ್ಲ. ಡೋಸು ಹೆಚ್ಚಾಯಿತೆಂದರೆ ವಾಕರಿಕೆ, ವಾಂತಿಗಳನ್ನು ದಿನಗಟ್ಟಲೆ ಅನುಭವಿಸಬೇಕಾಗುತ್ತದೆ. ಹಾಗಾಗಿ ಇಂಥ ಮದ್ದನ್ನು ಯಾರಿಗೆ ಕೊಡುತ್ತೇವೋ ಅಂಥವರಲ್ಲಿ ಮೊದಲೇ ಪರೀಕ್ಷಿಸಿರಬೇಕೆಂಬ ಬೇಡಿಕೆಗೆ ಹೆಚ್ಚಿನ ತೂಕವಿದೆ.

ಜಪಾನಿನ ರೋಗಿಗಳು ಅಮೆರಿಕ, ಯುರೋಪಿನ ಪ್ರಯೋಗಗಳಲ್ಲಿದ್ದವರಂತಿಲ್ಲ. ಅಲ್ಲಿ ಸರಾಸರಿ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 30ನ್ನು ದಾಟಿರುತ್ತದೆ, ಜಪಾನಿನಲ್ಲಿ 25ರ ಆಸುಪಾಸು. ಬಹಳ ದಪ್ಪಗಾಗದೆಯೇ ಜಪಾನೀಯರಿಗೆ ಸಕ್ಕರೆ ಕಾಯಿಲೆ ಬರುತ್ತದೆ. ಇನ್ಸುಲಿನ್ ಸ್ರವಿಸುವ ಶಕ್ತಿಯೇ ಅವರಲ್ಲಿ ಕಡಿಮೆ ಇರುವುದು ಇದಕ್ಕೆ ಮುಖ್ಯ ಕಾರಣ. ಹಗುರ ಮೈಯಲ್ಲಿ ಅಷ್ಟೇ ಡೋಸು ರಕ್ತದಲ್ಲಿ ಹೆಚ್ಚು ಸಾಂದ್ರವಾಗುತ್ತದೆ. ಇವೆಲ್ಲ ಅಳೆದು ಕಂಡ ಸಂಗತಿಗಳು.

ಅಳೆಯದೆ ಆಡಿದ ಮಾತುಗಳೂ ಇವೆ. 1980ರ ದಶಕದಲ್ಲಿ ಆಮದಿನ ವಿವಾದ ಕಾವೇರಿದ್ದಾಗ, ಜಪಾನೀಯರ ಕರುಳು ಉದ್ದ, ಹೊರಗಿನ ಗೋಮಾಂಸ ಅವರಿಗೆ ಜೀರ್ಣವಾಗದು ಎಂಬ ವಾದ ಅಲ್ಲಿನ ರಾಜಕಾರಣಿಗಳ ಬಾಯಲ್ಲೇ ಬಂದಿತ್ತು. ಹೊರಗಿನ ಮದ್ದುಗಳನ್ನು ಮತ್ತೆ ತಮ್ಮವರ ಮೇಲೆ ಪರೀಕ್ಷಿಸಬೇಕೆಂಬ ಜಪಾನಿನ ಹಟವನ್ನೂ ವಿದೇಶಿ ಕಂಪನಿಗಳು ಇದೇ ಸಾಲಿಗೆ ಸೇರಿಸಿ, ವ್ಯಾಪಾರಕ್ಕೆ ಕಟ್ಟಿದ ಬೇಲಿ ಎಂದು ದೂರಿದವು. ದೂರು ಪೂರ್ತಿ ಸುಳ್ಳಲ್ಲ. ಆದರೆ ಆ ಹಟದ ಹಿಂದೆ ಗಾಯದ ನೆನಪೂ ಇತ್ತು. ಹಲವು ದೇಶಗಳಲ್ಲಿ ಮಾರಾಟವಾಗುತ್ತಿದ್ದ ಕ್ಲಿಯೋಕ್ವಿನಾಲ್ ಎಂಬ ಹೊಟ್ಟೆಯ ಮದ್ದಿನಿಂದ ಜಪಾನಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರ ನರಗಳು ಹಾಳಾದವು. ಎಷ್ಟೋ ಮಂದಿ ನಡೆಯಲಾರದವರಾದರು, ಕಣ್ಣು ಕಳೆದುಕೊಂಡರು. 1970ರಲ್ಲಿ ಸರ್ಕಾರ ಅದರ ಮಾರಾಟ ನಿಲ್ಲಿಸಿತು. ಇಂಥದ್ದನ್ನು ಕಂಡ ದೇಶ ನಮ್ಮವರಲ್ಲಿ ಪರೀಕ್ಷಿಸಿ ತೋರಿಸಿ ಎಂದರೆ ಅದನ್ನು ಬರೀ ಸ್ವಾರ್ಥ ಎನ್ನಲು ನನಗೆ ಮನಸ್ಸಾಗುವುದಿಲ್ಲ.

1998ರಲ್ಲಿ ಅಮೆರಿಕ, ಯುರೋಪ್, ಜಪಾನ್ ಸೇರಿ ಇ5 ಎಂಬ ಮಾರ್ಗಸೂಚಿಯನ್ನು ಒಪ್ಪಿಕೊಂಡವು. ಹೊರದೇಶದ ದತ್ತಾಂಶವನ್ನು ಇಡಿಯಾಗಿ ತಳ್ಳಬೇಕಿಲ್ಲ, ಅಗತ್ಯವಿದ್ದಲ್ಲಿ ಸ್ಥಳೀಯರ ಮೇಲೆ ಒಂದು ಸೇತು-ಅಧ್ಯಯನ ನಡೆಸಿ ಅದನ್ನು ಬಳಸಿಕೊಳ್ಳಬಹುದು ಎಂಬುದು ಅದರ ಸಾರ. ಈ ಮಾರ್ಗಸೂಚಿ ವ್ಯತ್ಯಾಸಗಳನ್ನು ಎರಡಾಗಿ ವಿಂಗಡಿಸಿತು. ವಂಶವಾಹಿ, ತೂಕ, ವಯಸ್ಸಿನಂತಹ ಒಳಗಿನವು ಒಂದು ಕಡೆ. ಊಟ, ಹವೆ, ವೈದ್ಯರ ಪದ್ಧತಿಯಂತಹ ಹೊರಗಿನವು ಇನ್ನೊಂದು ಕಡೆ. ಈ ವಿಂಗಡಣೆ ನನಗೆ ಬಹಳ ಬೆಲೆಯುಳ್ಳದ್ದಾಗಿ ಕಾಣುತ್ತದೆ. ಜಪಾನೀಯರಲ್ಲಿ ಫಲಿತಾಂಶ ಬೇರೆ ಬಂತು ಎಂದಾಗ, ಆ ‘ಬೇರೆ’ ರಕ್ತದ್ದೋ, ತಟ್ಟೆಯದ್ದೋ, ಆಸ್ಪತ್ರೆಯದ್ದೋ ಎಂದು ಕೇಳುವಂತೆ ಅದು ನಮ್ಮನ್ನು ಒತ್ತಾಯಿಸುತ್ತದೆ.

ಕೇಳದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಶ್ವಾಸಕೋಶದ ಕ್ಯಾನ್ಸರಿನ ಗೆಫಿಟಿನಿಬ್ ಸಾಕ್ಷಿ. 2002ರ ಜುಲೈಯಲ್ಲಿ ಜಪಾನ್ ಜಗತ್ತಿಗೇ ಮೊದಲಾಗಿ ಈ ಮಾತ್ರೆಯನ್ನು ಒಪ್ಪಿತು. ಕೆಲವೇ ತಿಂಗಳಲ್ಲಿ ಶ್ವಾಸಕೋಶದ ಉರಿಯೂತದಿಂದ ನೂರಕ್ಕೂ ಹೆಚ್ಚು ರೋಗಿಗಳು ಸತ್ತ ವರದಿ ಬಂತು. ಆದರೆ ಕೆಲವು ಜಪಾನೀ ರೋಗಿಗಳ ಗಡ್ಡೆ ಅದೇ ಮಾತ್ರೆಗೆ ಬೆರಗಾಗುವಷ್ಟು ಕುಗ್ಗಿತ್ತು. 2004ರಲ್ಲಿ ಬಾಸ್ಟನ್ನಿನ ಸಂಶೋಧಕರು ಕಾರಣ ಹುಡುಕಿದರು: ಇಜಿಎಫ್‌ಆರ್ ಎಂಬ ವಂಶವಾಹಿಯಲ್ಲಿನ ಒಂದು ಬದಲಾವಣೆ. ಅವರು ನೋಡಿದ ಜಪಾನಿನ 58 ಗಡ್ಡೆಗಳಲ್ಲಿ 15ರಲ್ಲಿ ಅದಿತ್ತು, ಅಮೆರಿಕದ 61ರಲ್ಲಿ ಒಂದರಲ್ಲಿ ಮಾತ್ರ. ಅಂದರೆ 58ರಲ್ಲಿ 43 ಜಪಾನೀ ಗಡ್ಡೆಗಳಲ್ಲಿ ಅದಿರಲೇ ಇಲ್ಲ, ಆ ಒಬ್ಬ ಅಮೆರಿಕದವರಲ್ಲಿ ಇತ್ತು. ಇಂದು ವೈದ್ಯರು ಗಡ್ಡೆಯನ್ನು ಪರೀಕ್ಷಿಸಿ ಮದ್ದು ಬರೆಯುತ್ತಾರೆ, ಪಾಸ್‌ಪೋರ್ಟ್ ನೋಡಿ ಬರೆಯುವುದಿಲ್ಲ. ‘ಜಪಾನೀಯ’ ಎನ್ನುವುದು ಊರ ಹೆಸರನ್ನಷ್ಟೇ ಬರೆದ ಕಾಗದದ ಹಾಗೆ ಊರಿನವರೆಗೆ ತಲುಪಿಸಿತು, ಮನೆಯ ಬಾಗಿಲಿಗೆ ತಲುಪಿಸಲಿಲ್ಲ.

ಮಧುಮೇಹದ ಮದ್ದಿಗೆ ಮರಳೋಣ. ಡುಲಾಗ್ಲುಟೈಡಿನ ಡೋಸು ನಿರ್ಧರಿಸಲು ಜಪಾನಿನಲ್ಲಿ 145 ರೋಗಿಗಳ ಮೇಲೆ ಹನ್ನೆರಡು ವಾರಗಳ ಅಧ್ಯಯನ ನಡೆಯಿತು. ಅಲ್ಲಿ ಹೋಲಿಸಿದ್ದು 0.25, 0.5, 0.75 ಮಿಲಿಗ್ರಾಂ ಡೋಸುಗಳನ್ನು ಮತ್ತು ಹುಸಿಮದ್ದನ್ನು. 1.5 ಅಲ್ಲಿರಲೇ ಇಲ್ಲ. ಆಮೇಲೆ 492 ರೋಗಿಗಳ ದೊಡ್ಡ ಪ್ರಯೋಗದಲ್ಲಿ 0.75 ಡೋಸನ್ನು ಹುಸಿಮದ್ದಿಗೂ, ದಿನಕ್ಕೊಮ್ಮೆ ಚುಚ್ಚುವ ಲಿರಾಗ್ಲುಟೈಡಿನ 0.9 ಮಿಲಿಗ್ರಾಮಿಗೂ ಹೋಲಿಸಿದರು. 0.75 ಚೆನ್ನಾಗಿಯೇ ಕೆಲಸ ಮಾಡಿತು. ಆದರೆ 1.5 ಹೆಚ್ಚಾಗುತ್ತಿತ್ತೆ ಎಂಬ ಪ್ರಶ್ನೆಯನ್ನು ಆ ಅಧ್ಯಯನಗಳು ಕೇಳಿರಲಿಲ್ಲ. ಕೇಳದ ಪ್ರಶ್ನೆಯ ಉತ್ತರವನ್ನು ಜಪಾನೀಯರ ದೇಹಪ್ರಕೃತಿ ಎಂದು ಓದುವುದು ತಪ್ಪು.

ಲಿರಾಗ್ಲುಟೈಡಿನ ಕಥೆ ಇದನ್ನು ಇನ್ನೂ ಬಿಚ್ಚಿಡುತ್ತದೆ. 2010ರಲ್ಲಿ ಜಪಾನ್ ಅದನ್ನು ಒಪ್ಪಿದಾಗ ಗರಿಷ್ಠ ಡೋಸು 0.9 ಮಿಲಿಗ್ರಾಂ, ಬೇರೆಡೆ 1.8. ಇಷ್ಟೇ ಸಾಕು ಎಂದು ವರ್ಷಗಟ್ಟಲೆ ಅಲ್ಲಿ ನಂಬಿ ನಡೆದರು. 2019ರಲ್ಲಿ ಅಲ್ಲಿಯೂ ಮಿತಿ 1.8ಕ್ಕೇರಿತು. ಒಂಬತ್ತು ವರ್ಷಗಳಲ್ಲಿ ಒಂದು ದೇಶದ ವಂಶವಾಹಿ ಬದಲಾಗದು; ಬದಲಾದದ್ದು ಪ್ರಶ್ನೆ, ಪುರಾವೆ ಮತ್ತು ಧೈರ್ಯ. ನಡುವಿನ ವರ್ಷಗಳಲ್ಲಿ ಹೆಚ್ಚಿನ ಡೋಸು ಬೇಕಿದ್ದ, ತೂಕವೂ ಹೆಚ್ಚಿದ್ದ ಜಪಾನೀ ರೋಗಿಗೆ ಅದು ಸಿಗದೆ ಹೋದದ್ದು ‘ನಿಮ್ಮ ಜನರಿಗೆ ಇಷ್ಟೇ ಸಾಕು’ ಎಂಬ ಎಣಿಕೆಯಿಂದ. ಎಚ್ಚರಿಕೆಗೂ ಬಲಿಗಳಿರುತ್ತವೆ, ಅವು ಎಣಿಕೆಗೆ ಸಿಗುವುದಿಲ್ಲ ಅಷ್ಟೆ.

ಹಾಗಾದರೆ ದೇಶದ ಲೆಕ್ಕದ ಪರೀಕ್ಷೆಯನ್ನೇ ಬಿಟ್ಟು, ತೂಕ ಮತ್ತು ವಂಶವಾಹಿಗಳನ್ನಷ್ಟೇ ನೋಡೋಣವೆ? ಈ ವಾದ ಗಟ್ಟಿಯಾಗಿದೆ, ಆದರೂ ನಾನು ಒಪ್ಪಲಾರೆ. ಕಾರಣ ತಿಳಿದ ಮೇಲೆ ಮಾತ್ರ ಅದನ್ನು ಅಳೆಯಬಹುದು; ತಿಳಿಯದ ಕಾರಣಗಳು ಜನ ಬದುಕುವ ಜಾಗದಲ್ಲೇ ಕಾಣಿಸಿಕೊಳ್ಳುತ್ತವೆ. ನ್ಯಾಯದ ಮಾತೂ ಇದೆ. ಒಂದು ದೇಶದ ರೋಗಿಗಳನ್ನು ಪ್ರಯೋಗಕ್ಕೆ ಸೇರಿಸಿಕೊಂಡ ಕಂಪನಿ ಆ ದೇಶದ ನಿಯಂತ್ರಕರಿಗೆ, ವೈದ್ಯರಿಗೆ ಉತ್ತರ ಹೇಳಬೇಕಾಗುತ್ತದೆ. ಪರೀಕ್ಷೆ ಬೇರೆಲ್ಲೋ, ಮಾರಾಟ ಇಲ್ಲಿ ಎಂದಾದಾಗ ಆ ಹೊಣೆ ಸಡಿಲಾಗುತ್ತದೆ. ಪರೀಕ್ಷೆ ದೇಶದಲ್ಲಿ ನಡೆಯಲಿ. ಉತ್ತರವನ್ನು ಮಾತ್ರ ದೇಶದ ಹೆಸರಿನಲ್ಲಿ ಮುಗಿಸದೆ ತೂಕ, ಕಾಯಿಲೆ ಹಿಡಿದ ವರ್ಷಗಳು, ಉಳಿದಿರುವ ಇನ್ಸುಲಿನ್ ಶಕ್ತಿ ಇವುಗಳ ಲೆಕ್ಕದಲ್ಲಿ ಹೇಳಲಿ.

ಇದು ಜಪಾನಿನ ಮನೆಯ ಮಾತಾಗಿ ಉಳಿದಿಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ಭಾರತದಲ್ಲಿ ಮಧುಮೇಹಿಗಳು 10.1 ಕೋಟಿ. 2024ರ ಆಗಸ್ಟಿನಲ್ಲಿ ಕೇಂದ್ರದ ಔಷಧ ನಿಯಂತ್ರಕರು ಹೊರಡಿಸಿದ ಆದೇಶದಂತೆ ಅಮೆರಿಕ, ಬ್ರಿಟನ್, ಜಪಾನ್, ಆಸ್ಟ್ರೇಲಿಯಾ, ಕೆನಡಾ, ಯುರೋಪ್ ಒಕ್ಕೂಟಗಳಲ್ಲಿ ಒಪ್ಪಿಗೆ ಪಡೆದ ಕೆಲವು ವರ್ಗದ ಮದ್ದುಗಳಿಗೆ ಇಲ್ಲಿನ ಪ್ರಯೋಗದಿಂದ ವಿನಾಯಿತಿ ಸಿಗಬಹುದು. ಈಗಿನ ಚಿಕಿತ್ಸೆಗಿಂತ ಗಣನೀಯವಾಗಿ ಮೇಲಾದ ಮದ್ದುಗಳೂ ಅದರಲ್ಲಿ ಸೇರಿವೆ. ಜೀವ ಉಳಿಸುವ ಮದ್ದು ಬೇಗ ಬರಲಿ ಎಂಬ ಆಶಯ ಸರಿಯಾದದ್ದೇ. ಆದರೆ ಜಪಾನೀಯರೂ ನಾವೂ ಏಷ್ಯಾದವರು ಎಂಬ ಸಮಾಧಾನ ಬೇಡ. ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಹೆಚ್ಚಿರುವ ಭಾರತೀಯ ದೇಹವನ್ನು ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ದಶಕಗಳಿಂದ ತೋರಿಸುತ್ತ ಬಂದಿದ್ದಾರೆ. ಇನ್ಸುಲಿನ್ ಕಡಿಮೆ ಸ್ರವಿಸುವ ಜಪಾನೀ ರೋಗಿಗೂ, ಇನ್ಸುಲಿನ್ ಇದ್ದರೂ ಅದಕ್ಕೆ ಸುಲಭವಾಗಿ ಬಗ್ಗದ ನಮ್ಮ ಮೈಗೂ ಬಿಎಂಐ ಒಂದೇ ಇರಬಹುದು, ಕಾಯಿಲೆಯ ದಾರಿ ಒಂದೇ ಅಲ್ಲ.

ವಿನಾಯಿತಿ ಕೊಡುವಾಗ ನಿಯಂತ್ರಕರು ಕಾರಣವನ್ನು ಬರೆದು ಪ್ರಕಟಿಸಲಿ. ಮಾರುಕಟ್ಟೆಗೆ ಬಂದ ನಂತರದ ಅಧ್ಯಯನದ ಫಲಿತಾಂಶವನ್ನು, ತೂಕ ಮತ್ತು ಡೋಸಿನ ವಿವರ ಸಮೇತ, ಯಾರು ಬೇಕಾದರೂ ಓದುವಂತೆ ಇಡಲಿ. ವಾರದ ಇಂಜೆಕ್ಷನ್ ಬರೆಸಿಕೊಳ್ಳುವ ನಾವೂ ಈ ಡೋಸನ್ನು ಎಂಥವರಲ್ಲಿ ಪರೀಕ್ಷಿಸಿದ್ದಾರೆ ಎಂದು ವೈದ್ಯರನ್ನು ಕೇಳೋಣ.