ಓಟಿಲ್ಲದ ಹುಡುಗರು

‘ಒಳ್ಳೆ ಮನುಷ್ಯ, ಹುಡುಗರಿಗೆ ಕಬಡ್ಡಿ ಕಲಿಸಿಕೊಂಡು ತನ್ನಷ್ಟಕ್ಕೆ ಇದ್ದ. ಎಲೆಕ್ಷನ್ನಿಗೆ ನಿಂತು ಹಾಳಾದ.’ ನಮ್ಮ ಯಾವ ಊರಿನಲ್ಲಾದರೂ ಕೇಳಬಹುದಾದ ಮಾತಿದು. ಇದರೊಳಗೆ ಎರಡು ನಂಬಿಕೆಗಳಿವೆ. ಸೇವೆ ಮಡಿ, ರಾಜಕೀಯ ಮೈಲಿಗೆ ಎಂಬುದು ಒಂದು. ನಾಮಪತ್ರ ಹಾಕಿದ ದಿನವೇ ಹಿಂದಿನ ಸೇವೆಯೂ ಲೆಕ್ಕಾಚಾರವಾಗಿ ಕಾಣತೊಡಗುತ್ತದೆ ಎಂಬುದು ಇನ್ನೊಂದು. ಎರಡನೆಯದರಲ್ಲಿ ಹುರುಳಿದೆ. ಆಡುವ ಹುಡುಗರಿಗಿಂತ ಎತ್ತರದ ಕಪ್ಪು, ಕಪ್ಪಿಗಿಂತ ಎತ್ತರದ ಫ್ಲೆಕ್ಸು, ಫ್ಲೆಕ್ಸಿನಲ್ಲಿ ಕೈಮುಗಿದು ನಿಂತ ಭಾವೀ ಸದಸ್ಯರು: ಇಂಥ ಪಂದ್ಯಾವಳಿಗಳನ್ನು ಯಾರು ನೋಡಿಲ್ಲ? ಆದರೆ ಮೊದಲನೆಯ ನಂಬಿಕೆಯನ್ನು ನಾನು ಒಪ್ಪಲಾರೆ. ಯಾಕೆಂದು ಹೇಳುವುದಕ್ಕೆ, ನಾವು ಬೇರೆ ಕಾರಣಕ್ಕೆ ನೆನಪಿಟ್ಟುಕೊಂಡಿರುವ ಒಬ್ಬರ ಬದುಕನ್ನು ಸ್ವಲ್ಪ ನೋಡಬೇಕು.

ಕ್ಲೆಮೆಂಟ್ ಅಟ್ಲಿ ಎಂದರೆ ನಮಗೆ 1947ರಲ್ಲಿ ಬ್ರಿಟನ್ನಿನ ಪ್ರಧಾನಿಯಾಗಿದ್ದವರು. ಅದಕ್ಕೆ ನಾಲ್ಕು ದಶಕ ಹಿಂದೆ, 1905ರಲ್ಲಿ, ಅವರು ಇಪ್ಪತ್ತೆರಡರ ಹರೆಯದ, ವಕೀಲಿಕೆಗೆ ತಯಾರಾಗುತ್ತಿದ್ದ, ಮಾತು ಕಡಿಮೆಯ ಅನುಕೂಲಸ್ಥರ ಮನೆಯ ಹುಡುಗ. ರಾಜಕೀಯ ಎಂದರೆ ಸಂಪ್ರದಾಯವಾದಿ ಪಕ್ಷದ ಕಡೆಗೇ ಒಲವು. ಅವರು ಓದಿದ ಹೇಲಿಬರಿ ಶಾಲೆಯವರು ಲಂಡನ್ನಿನ ಪೂರ್ವಭಾಗದ ಸ್ಟೆಪ್ನಿಯಲ್ಲಿ ಕೂಲಿಕಾರರ ಮಕ್ಕಳಿಗಾಗಿ ಒಂದು ಕ್ಲಬ್ಬು ನಡೆಸುತ್ತಿದ್ದರು. (ಆ ಶಾಲೆ ಇರುವ ಜಾಗದಲ್ಲೇ ಮೊದಲು ಈಸ್ಟ್ ಇಂಡಿಯಾ ಕಂಪನಿ ತನ್ನ ಅಧಿಕಾರಿಗಳನ್ನು ತಯಾರು ಮಾಡುತ್ತಿತ್ತು. 1824ರಲ್ಲಿ ಕಿತ್ತೂರಿನವರ ಕೈಗೆ ಸೆರೆ ಸಿಕ್ಕ, ಮುಂದೆ ಕನ್ನಡ ಶಾಸನಗಳನ್ನು ಸಂಗ್ರಹಿಸಿದ ವಾಲ್ಟರ್ ಎಲಿಯಟ್ ಓದಿದ್ದು ಅಲ್ಲೇ.) ಒಂದು ಸಂಜೆ ತಮ್ಮನ ಜೊತೆ ಆ ಕ್ಲಬ್ಬು ನೋಡಿ ಬರೋಣವೆಂದು ಹೋದ ಅಟ್ಲಿ ಮತ್ತೆ ಮತ್ತೆ ಹೋಗತೊಡಗಿದರು. ಕವಾಯತು, ಆಟ, ವರ್ಷಕ್ಕೊಂದು ಶಿಬಿರ. 1907ರಲ್ಲಿ ಅದರ ವ್ಯವಸ್ಥಾಪಕರಾದರು. ವರ್ಷಕ್ಕೆ 50 ಪೌಂಡ್ ಸಂಬಳ, ವಾಸವೂ ಅಲ್ಲಿಯೇ.

ಮೈದಾನಕ್ಕೆ ಒಂದು ಗುಣವಿದೆ. ಅಲ್ಲಿ ಹುಡುಗನ ಮೈ ಸುಳ್ಳು ಹೇಳುವುದಿಲ್ಲ. ಹೊಟ್ಟೆಗಿಲ್ಲದವನು ಎರಡನೇ ಸುತ್ತಿಗೇ ಏದುಸಿರು ಬಿಡುತ್ತಾನೆ, ಶೂ ಇಲ್ಲದವನು ಕಲ್ಲಿದ್ದ ಕಡೆ ಹೆಜ್ಜೆ ತಪ್ಪಿಸುತ್ತಾನೆ. ಅಟ್ಲಿಯವರ ಬಗ್ಗೆ ಹೇಳುವ ಒಂದು ಪ್ರಸಂಗವಿದೆ. ದಾರಿಯಲ್ಲಿ ಸಿಕ್ಕ ಬರಿಗಾಲ ಹುಡುಗಿಯೊಬ್ಬಳು ಎಲ್ಲಿಗೆ ಹೊರಟಿರಿ ಎಂದು ಕೇಳಿದಳಂತೆ. ಮನೆಗೆ, ಸಂಜೆಯ ತಿಂಡಿಗೆ ಎಂದರು ಇವರು. ತಾನೂ ಮನೆಗೇ ಹೋಗುತ್ತಿದ್ದೇನೆ, ತಿಂಡಿ ಏನಾದರೂ ಇದೆಯೋ ನೋಡುವುದಕ್ಕೆ ಎಂದಳಂತೆ ಅವಳು.

ಈ ಮಾತು ಕೇಳಿಸಿಕೊಂಡವನು ಏನು ಮಾಡಬಹುದು? ಅವಳನ್ನು ಕರೆದು ಬ್ರೆಡ್ಡು ಕೊಡಿಸಬಹುದು. ಅದು ಒಳ್ಳೆಯದೇ, ಆದರೆ ನಾಳೆ ಸಂಜೆಗೆ ಏನು? ಅವಳಂಥವರ ತಂದೆಯರು ಬಂದರಿನ ಗೇಟಿನಲ್ಲಿ ದಿನಾ ಬೆಳಿಗ್ಗೆ ಗುಂಪುಗೂಡುತ್ತಿದ್ದರು. ಮೇಸ್ತ್ರಿ ಬೆರಳು ತೋರಿಸಿದವರಿಗೆ ಆ ಹೊತ್ತಿನ ಕೂಲಿ, ಉಳಿದವರು ಬರಿಗೈಯಲ್ಲಿ ವಾಪಸ್ಸು. ಸೋರುವ ಮನೆಗೆ ಬಾಡಿಗೆ ಮಾತ್ರ ತಪ್ಪುತ್ತಿರಲಿಲ್ಲ. ಎಂಥ ಒಳ್ಳೆಯ ಕೋಚಾದರೂ ಇದನ್ನು ಸೀಟಿ ಊದಿ ಸರಿಮಾಡಲಾರ. ಅಟ್ಲಿ 1908ರಲ್ಲಿ ಇಂಡಿಪೆಂಡೆಂಟ್ ಲೇಬರ್ ಪಾರ್ಟಿ ಸೇರಿದ್ದು ಪುಸ್ತಕ ಓದಿಯೂ ಹೌದು, ಈ ಹುಡುಗರನ್ನು ನೋಡಿಯೂ ಹೌದು. ಎರಡನೆಯ ಕಾರಣವೇ ಹೆಚ್ಚು ಬಲವಾಗಿತ್ತು ಎಂದು ನನ್ನ ಅಂದಾಜು. 1919ರಲ್ಲಿ ಸ್ಟೆಪ್ನಿಯ ಮೇಯರ್ ಆದಾಗ ಅವರ ಪುರಸಭೆ ಮನೆ ಮಾಲೀಕರಿಗೆ ನೋಟಿಸು ಕೊಟ್ಟು ರಿಪೇರಿ ಮಾಡಿಸಿತು, ನೈರ್ಮಲ್ಯ ತಪಾಸಕರನ್ನು ನೇಮಿಸಿತು. ಸೋರುವ ಮಾಡಿನ ಕೆಳಗೆ ಇಡಲು ಬಕೆಟ್ಟು ಕೊಡುವುದು ದಾನ. ಮಾಡು ಕಟ್ಟಿಸುವ ಹೊಣೆ ಯಾರದೆಂದು ಕೇಳಿದ ಕೂಡಲೇ ಅದು ರಾಜಕೀಯವಾಗುತ್ತದೆ.

ಇಲ್ಲೇ ಇನ್ನೊಂದು ವಿಷಯವಿದೆ. ಬಕೆಟ್ಟು ಕೊಟ್ಟವನನ್ನು ಮನೆ ಮಾಲೀಕನೂ ಹೊಗಳುತ್ತಾನೆ, ಬೇಕಾದರೆ ಶಾಲು ಹೊದಿಸುತ್ತಾನೆ. ನೋಟಿಸು ಕೊಟ್ಟವನನ್ನು ಬೈಯುತ್ತಾನೆ. ಹಾಗಾದರೆ ನಾವು ‘ಒಳ್ಳೆ ಮನುಷ್ಯ’ ಎಂದು ಯಾರನ್ನು ಕರೆಯುತ್ತಿದ್ದೇವೆ? ಬಹಳ ಸಲ, ಯಾರಿಗೂ ತೊಂದರೆ ಕೊಡದೆ ಇರುವವನನ್ನು. ಕಬಡ್ಡಿ ಕಲಿಸುವಾತ ಕೆರೆ ಒತ್ತುವರಿಯ ಮಾತೆತ್ತಿದ ದಿನ ನಮ್ಮ ಕಣ್ಣಿಗೆ ಕೆಟ್ಟು ಹೋಗಿರುತ್ತಾನೆ.

ಇನ್ನು ಉದ್ದೇಶದ ಪ್ರಶ್ನೆ. ಅಟ್ಲಿಯವರ ಹುಡುಗರಿಗೆ ವಯಸ್ಸಾಗಿರಲಿಲ್ಲ, ಓಟಿರಲಿಲ್ಲ. 1918ಕ್ಕೆ ಮುಂಚೆ ಬ್ರಿಟನ್ನಿನಲ್ಲಿ ಪ್ರಾಯಕ್ಕೆ ಬಂದ ಗಂಡಸರಲ್ಲೇ ಸುಮಾರು ಹತ್ತರಲ್ಲಿ ನಾಲ್ಕು ಮಂದಿಗೆ ಓಟಿರಲಿಲ್ಲ. ಹೆಂಗಸರಿಗಂತೂ ಸಂಸತ್ತಿನ ಚುನಾವಣೆಯಲ್ಲಿ ಇರಲೇ ಇಲ್ಲ. ಓಟಿನ ಬೇಸಾಯಕ್ಕೆ ಅಷ್ಟು ಬಂಜರು ನೆಲ ಇನ್ನೊಂದಿರಲಿಲ್ಲ. 1909ರಲ್ಲಿ ಅವರು ಮೊದಲ ಸಲ ಪುರಸಭೆಗೆ ನಿಂತು ಸೋತರು. ಸೋತ ಮೇಲೂ ಆ ಕೇರಿಗಳನ್ನು ಬಿಟ್ಟು ಹೋಗಲಿಲ್ಲ. ಮಹಾಯುದ್ಧ ಮುಗಿಸಿ ಬಂದವರು ಮತ್ತೆ ಅಲ್ಲಿಗೇ ಬಂದರು.

ಅಂತರಂಗ ಪೂರ್ತಿ ಶುದ್ಧವಾಗಿದ್ದರೆ ಮಾತ್ರ ಸೇವೆ ಎನ್ನುವುದಾದರೆ ನಮ್ಮಲ್ಲಿ ಯಾರೂ ಉಳಿಯುವುದಿಲ್ಲ. ಹೊಗಳಿಕೆಯ ಆಸೆ ಕೋಚಿಗೂ ಇರುತ್ತದೆ. ಪಂಚಾಯಿತಿ ಚುನಾವಣೆಯ ಫಲಿತಾಂಶ ಬಂದ ಮರುವಾರ, ಸೋತ ಅಭ್ಯರ್ಥಿ ಸಂಜೆ ಐದಕ್ಕೆ ಸುಣ್ಣದ ಡಬ್ಬಿ ಹಿಡಿದು ಗೆರೆ ಎಳೆಯಲು ಬಂದನೋ ಇಲ್ಲವೋ ಎಂದು ಆ ಹುಡುಗರನ್ನೇ ಕೇಳಬಹುದು. ಅವರು ಸರಿಯಾಗಿ ಹೇಳುತ್ತಾರೆ.

ಹಾಗೆಂದು ಮೈದಾನದಿಂದ ಸಭೆಗೆ ಹೋಗುವಾಗ ಕಳೆದುಕೊಳ್ಳುವುದು ಏನೂ ಇಲ್ಲವೆಂದಲ್ಲ. ಕೋಚಿಗೆ ಹುಡುಗರ ಹೆಸರು ಗೊತ್ತು, ಯಾರ ಮೊಣಕಾಲು ನೋಯುತ್ತದೆಂದು ಗೊತ್ತು. ಸಭೆಯಲ್ಲಿ ಕೂತವನಿಗೆ ಅವರು ಕ್ರಮೇಣ ಒಂದು ಸಂಖ್ಯೆ. ಅಟ್ಲಿ 1922ರಲ್ಲಿ ಲೈಮ್‌ಹೌಸ್‌ನಿಂದ ಸಂಸತ್ತಿಗೆ ಹೋದರು. 1927ರಲ್ಲಿ, ಭಾರತದ ಭವಿಷ್ಯ ವಿಚಾರಿಸಲು ಬ್ರಿಟಿಷ್ ಸರ್ಕಾರ ಒಬ್ಬ ಭಾರತೀಯನೂ ಇಲ್ಲದ ಏಳು ಜನರ ಸೈಮನ್ ಆಯೋಗ ಮಾಡಿದಾಗ, ಅದರಲ್ಲಿ ಅವರೂ ಒಬ್ಬರು. ಸ್ಟೆಪ್ನಿಯನ್ನು ಅಲ್ಲಿ ವಾಸ ಮಾಡಿ ತಿಳಿದುಕೊಂಡ ಮನುಷ್ಯ, 1928ರ ಫೆಬ್ರುವರಿಯಲ್ಲಿ ಮುಂಬಯಿಯಲ್ಲಿ ಹಡಗಿನಿಂದ ಇಳಿದಾಗ ಎದುರಿಗೆ ಕಪ್ಪು ಬಾವುಟಗಳಿದ್ದವು.