ನೇಗಿಲು ಬಿಟ್ಟ ಎಲೀಷ

ಹಲ್ಲೆಲೂಯಾ! ಸತ್ಯವೇದ ತೆಗೆಯಿರಿ, ಒಂದನೇ ಅರಸುಗಳು 19ನೇ ಅಧ್ಯಾಯ, 19ರಿಂದ 21.

ಪ್ರಿಯರೇ, ನಮ್ಮ ಸಭೆಯ ಒಬ್ಬ ಯೌವನಸ್ಥ ಚಳ್ಳಕೆರೆಯ ಎಣ್ಣೆ ಮಿಲ್‌ನಲ್ಲಿ ಲೆಕ್ಕ ಬರೀತಾನೆ. ತಂದೆತಾಯಿ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯ್ತಾರೆ. ಹೋದ ವಾರ ಪ್ರಾರ್ಥನೆಗೆ ಬಂದು, "ಪಾಸ್ಟರ್, ನಾನು ಪೈಲಟ್ ಆಗಬೇಕು. ಅಪ್ಪ ಹೊಲ ಅಡ ಇಡ್ತೀನಿ ಅಂತಾರೆ, ಅಮ್ಮ ಅಳ್ತಾರೆ. ಇದು ದೇವರ ಚಿತ್ತವಾ?" ಅಂತ ಕೇಳಿದ. ಅವನ ಒಪ್ಪಿಗೆ ಪಡೆದೇ ಇದನ್ನು ಹೇಳ್ತಾ ಇದ್ದೀನಿ.

ಕೆಲವರು ನಗ್ತೀರಿ. ನಗಬೇಡಿ. 2023ರ ಏಪ್ರಿಲ್ 2ರಂದು ನಮ್ಮ ಚಳ್ಳಕೆರೆ ತಾಲ್ಲೂಕಿನ ಆಕಾಶದಲ್ಲೇ ಇಸ್ರೋದವರು ರೆಕ್ಕೆಯಿರುವ ವಾಹನವನ್ನು ಚಿನೂಕ್ ಹೆಲಿಕಾಪ್ಟರ್‌ನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟರು. ಪೈಲಟ್ ಇಲ್ಲದೆ ಅದು ರನ್‌ವೇ ಮೇಲೆ ಇಳಿಯಿತು. ಕುರಿ ಮೇಯುತ್ತಿದ್ದ ಕಾವಲಿನಲ್ಲಿ ಇಂಥದ್ದಾಗುತ್ತೆ ಅಂತ ನಮ್ಮ ಅಜ್ಜಂದಿರು ನೆನೆಸಿದ್ರಾ?

ಈಗ ಎಲೀಷನನ್ನು ನೋಡಿ. ಹನ್ನೆರಡು ಜೋಡಿ ಎತ್ತು ಉಳುತ್ತಿದ್ದ ಹೊಲದಲ್ಲಿ ಅವನಿದ್ದ. ಸೋಮಾರಿಯಲ್ಲ, ಕೈಯಲ್ಲಿದ್ದ ಕೆಲಸವನ್ನು ನಂಬಿಗಸ್ತನಾಗಿ ಮಾಡ್ತಾ ಇದ್ದ. ಎಲೀಯ ಬಂದು ತನ್ನ ಕಂಬಳಿ ಅವನ ಮೇಲೆ ಹಾಕಿದ. ಕಂಬಳಿಯ ಬೆಲೆ ಚಳ್ಳಕೆರೆಯವರಿಗೆ ಹೇಳಿಕೊಡಬೇಕಾ? ಎಲೀಷ ಏನು ಮಾಡಿದ? ಮನೆಗೆ ಹೇಳದೆ ಓಡಿಹೋಗಲಿಲ್ಲ. ತಂದೆತಾಯಿಗೆ ಮುದ್ದಿಟ್ಟು ಬರ್ತೀನಿ ಅಂದ, ಜನರಿಗೆ ಊಟ ಹಾಕಿ ಹೊರಟ. ಸ್ತೋತ್ರ!

ಆದರೆ ಮಗನೇ, ಲೂಕ 14:28 ಕೂಡ ಓದು. ಗೋಪುರ ಕಟ್ಟುವವನು ಮೊದಲು ಕೂತು ಲೆಕ್ಕ ಹಾಕಬೇಕು ಅಂತ ಕರ್ತನೇ ಕಲಿಸಿದ. ನೀನು ದಿನಾ ಲೆಕ್ಕ ಬರೆಯುವವನು, ಇದನ್ನೂ ಬರಿ. ನೀನು ಓದಿದ್ದು ಕಾಮರ್ಸ್. ಪಿಯುಸಿ ಮಟ್ಟದ ಫಿಸಿಕ್ಸ್, ಮ್ಯಾಥ್ಸ್ ಪಾಸ್ ಮಾಡಬೇಕು. ಡಿಜಿಸಿಎ ವೈದ್ಯಕೀಯ ಪರೀಕ್ಷೆ ಇದೆ: ಮೊದಲು ಕ್ಲಾಸ್ ಟೂ, ಆಮೇಲೆ ಕ್ಲಾಸ್ ಒನ್. ಅದು ಪಾಸಾಗುವ ಮುಂಚೆ ಅಪ್ಪನ ಹೊಲದ ಪತ್ರ ಮುಟ್ಟಬೇಡ! ಆಮೇಲೆ ನ್ಯಾವಿಗೇಷನ್, ಹವಾಮಾನ, ನಿಯಮಗಳ ಪರೀಕ್ಷೆ, 200 ಗಂಟೆ ಹಾರಾಟ. ಲೈಸೆನ್ಸ್ ಸಿಕ್ಕ ದಿನವೇ ಕೆಲಸ ಸಿಗುತ್ತೆ ಅಂತ ಯಾರೂ ಬರೆದು ಕೊಡೋದಿಲ್ಲ. ಸಾಲದ ಕಂತು ಮಾತ್ರ ಕಾಯೋದಿಲ್ಲ.

ಲೆಕ್ಕ ಹಾಕೋದು ಅವಿಶ್ವಾಸ ಅಲ್ಲ, ಪ್ರಿಯರೇ. ಲೆಕ್ಕ ಹಾಕಿದ ಮೇಲೂ ದೇವರು ಬಾಗಿಲು ತೆರೆದಿಟ್ಟರೆ, ಧೈರ್ಯವಾಗಿ ಹೋಗು.

ಹೋದ ಮೇಲೆ? ಎಲೀಷ ಮಾರನೇ ದಿನವೇ ದೊಡ್ಡ ಪ್ರವಾದಿ ಆಗಲಿಲ್ಲ. ಎಲೀಯನ ಕೈಗೆ ನೀರು ಹೊಯ್ಯುವವನು ಅಂತ ಅವನಿಗೆ ಹೆಸರಿತ್ತು, ಎರಡನೇ ಅರಸುಗಳು 3:11. ವಿಮಾನದಲ್ಲೂ ಹಾಗೇ. ಎಡಗಡೆ ಸೀಟು ಕ್ಯಾಪ್ಟನ್‌ದು. ಹೊಸಬ ಬಲಗಡೆ ಕೂತು ವರ್ಷಗಟ್ಟಲೆ ಕಲೀಬೇಕು. ತಗ್ಗಿಸಿಕೊಳ್ಳದವನನ್ನು ಕರ್ತನು ಎತ್ತೋದಿಲ್ಲ. ಆಮೆನ್ ಹೇಳ್ತೀರಾ?

ತಂದೆತಾಯಿಗಳೇ, "ನಮ್ಮ ವಂಶಕ್ಕೆ ಮಗ್ಗವೇ ಸಾಕು" ಅಂತ ಮಕ್ಕಳ ಬಾಯಿ ಮುಚ್ಚಿಸಬೇಡಿ. ಮಕ್ಕಳೇ, ಆ ಮಗ್ಗ ನಿಮ್ಮನ್ನು ಓದಿಸಿದೆ, ಅದಕ್ಕೆ ನಾಚಬೇಡಿ. ಈ ಮಗನಿಗೆ ದೇವರು ಹಾರುವ ದಾರಿ ತೆರೆದರೂ ಸ್ತೋತ್ರ, ಲೆಕ್ಕದ ಪುಸ್ತಕದಲ್ಲೇ ಉಳಿಸಿದರೂ ಸ್ತೋತ್ರ.

ಎದ್ದು ನಿಲ್ಲೋಣ. ಕಣ್ಣು ಮುಚ್ಚಿ ಈ ಕುಟುಂಬಕ್ಕಾಗಿ ಪ್ರಾರ್ಥಿಸೋಣ. ಆಮೆನ್.