ತನ್ನ ಬೆಲೆ ತಾನೇ ತೆತ್ತ ಆಟಗಾರ

ಜಾಂಟಿ ಪಾರ್ಕಿನ್ ಹುಟ್ಟಿದ್ದು 1894ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಶಾರ್ಲ್‌ಸ್ಟನ್ ಎಂಬ ಕಲ್ಲಿದ್ದಲು ಗಣಿಯ ಹಳ್ಳಿಯಲ್ಲಿ. 1913ರಲ್ಲಿ ವೇಕ್‌ಫೀಲ್ಡ್ ಟ್ರಿನಿಟಿ ಕ್ಲಬ್ ಸೇರಿದ ಈತ ಎರಡು ಮಹಾಯುದ್ಧಗಳ ನಡುವಿನ ರಗ್ಬಿ ಲೀಗ್‌ನಲ್ಲಿ ಹೆಸರಾಂತ ಸ್ಕ್ರಮ್ ಹಾಫ್. ಎರಡೂ ಕಡೆಯ ಆಟಗಾರರು ತೋಳಿಗೆ ತೋಳು ಹೆಣೆದು, ತಲೆ ತಗ್ಗಿಸಿ ನೂಕಾಡುತ್ತಿರುವಾಗ ಕಾಲುಗಳ ಸಂದಿಯಿಂದ ಹೊರಬೀಳುವ ಚೆಂಡನ್ನು ಹೆಕ್ಕಿ, ದಾಟಿಸುವುದೋ ಒದೆಯುವುದೋ ತಾನೇ ನುಗ್ಗುವುದೋ ಎಂದು ಆ ಕ್ಷಣದಲ್ಲೇ ತೀರ್ಮಾನಿಸುವುದು ಸ್ಕ್ರಮ್ ಹಾಫ್‌ನ ಕೆಲಸ. ಪಾರ್ಕಿನ್ 1920, 1924 ಮತ್ತು 1928ರಲ್ಲಿ ಬ್ರಿಟಿಷ್ ತಂಡದೊಂದಿಗೆ ಆಸ್ಟ್ರೇಲಿಯಾ ಪ್ರವಾಸ ಮಾಡಿದ. ಕೊನೆಯ ಎರಡರಲ್ಲಿ ಅವನೇ ನಾಯಕ. ಎರಡು ಸಲವೂ ಸರಣಿ ಗೆದ್ದು ಬಂದ.

ತತ್ತ್ವಶಾಸ್ತ್ರಕ್ಕೆ ಅವನಿಂದ ಸಿಕ್ಕ ಕೊಡುಗೆ ಮೈದಾನದ ಹೊರಗಿನದು. 1930ರಲ್ಲಿ ಕ್ಲಬ್ ಅವನನ್ನು ಬೇರೆ ಕ್ಲಬ್‌ಗೆ ಬಿಟ್ಟುಕೊಡಲೆಂದು ವರ್ಗಾವಣೆ ಪಟ್ಟಿಗೆ ಹಾಕಿ 100 ಪೌಂಡ್ ಬೆಲೆ ಕಟ್ಟಿತು. ಪಾರ್ಕಿನ್ ಆ ಹಣವನ್ನು ತನ್ನ ಜೇಬಿನಿಂದಲೇ ಕೊಟ್ಟು ಹಲ್ ಕಿಂಗ್‌ಸ್ಟನ್ ರೋವರ್ಸ್ ಸೇರಿದ. ಆಟಗಾರ ತನ್ನ ವರ್ಗಾವಣೆ ಶುಲ್ಕವನ್ನು ತಾನೇ ಕಟ್ಟುವಂತಿಲ್ಲ ಎಂದು ಆಮೇಲೆ ಲೀಗ್ ನಿಯಮವನ್ನೇ ತಿದ್ದಿತು.

ಹಾಗಾದರೆ ಅವನು ಕೊಂಡದ್ದು ಏನನ್ನು? ಪ್ರತಿಯೊಬ್ಬನಿಗೂ ಅವನ ದೇಹ ಅವನದೇ ಸೊತ್ತು ಎಂದು ಜಾನ್ ಲಾಕ್ 1689ರಲ್ಲೇ ವಾದಿಸಿದ್ದ. ಬೆಲೆಯುಳ್ಳದ್ದಕ್ಕೆ ಬದಲಿ ಇಡಬಹುದು, ಮನುಷ್ಯನಿಗಿರುವುದು ಬೆಲೆಯಲ್ಲ, ಘನತೆ ಎಂದು ಕಾಂಟ್ 1785ರಲ್ಲಿ ಬರೆದ. ಮಾರಾಟವಾಗುವುದು ಮನುಷ್ಯನಲ್ಲ, ಕ್ಲಬ್‌ನಲ್ಲಿರುವ ಅವನ ನೋಂದಣಿ ಮಾತ್ರ ಎಂಬುದು ಕ್ಲಬ್‌ಗಳ ಪರವಾಗಿ ಹೇಳಬಹುದಾದ ಮಾತು. ಅದು ಅರ್ಧ ನಿಜ. 1921ರಲ್ಲಿ ಲೀಡ್ಸ್ ಕ್ಲಬ್ ಹೆರಾಲ್ಡ್ ಬಕ್ ಎಂಬ ಆಟಗಾರನಿಗಾಗಿ 1,000 ಪೌಂಡ್ ಸುರಿದದ್ದು ಬರೀ ಕಾಗದಕ್ಕಲ್ಲ. ನೋಂದಣಿಗೆ ಬೆಲೆ ಬರುವುದೇ ಆಡುವವನ ಕಾಲುಗಳಿಂದ.

ಆಟಗಾರ ಒಪ್ಪಿಯೇ ಸಹಿ ಹಾಕಿದ್ದನಲ್ಲ ಎಂಬ ವಾದ ಇದಕ್ಕಿಂತ ಗಟ್ಟಿ. ಆದರೆ ಒಪ್ಪಿಗೆಗೂ ಒಂದು ಎಲ್ಲೆಯಿದೆ: ಸ್ವಾತಂತ್ರ್ಯವನ್ನೇ ಬಿಟ್ಟುಕೊಡುವ ಸ್ವಾತಂತ್ರ್ಯ ಯಾರಿಗೂ ಇಲ್ಲ ಎಂದು ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಹೇಳಿದ. ಇಲ್ಲಿ ಚರಿತ್ರೆಯ ಒಂದು ವ್ಯಂಗ್ಯವೂ ಇದೆ. ಆಟಕ್ಕಾಗಿ ದುಡಿಮೆ ತಪ್ಪಿಸಿಕೊಂಡ ಕಾರ್ಮಿಕನಿಗೆ ಆ ದಿನದ ಕೂಲಿ ತುಂಬಿಕೊಡಬೇಕೆಂದೇ ಉತ್ತರ ಇಂಗ್ಲೆಂಡಿನ ಕ್ಲಬ್‌ಗಳು 1895ರಲ್ಲಿ ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಸೇರಿ ಹಳೆಯ ರಗ್ಬಿ ಸಂಘದಿಂದ ಸಿಡಿದು ಬಂದು ಈ ಲೀಗ್ ಕಟ್ಟಿದ್ದವು. ದುಡಿಯುವವನ ಸಮಯ ಅವನದೇ ಎಂದು ಮೊದಲು ಒಪ್ಪಿದವರೇ, ಅವನು ಎಲ್ಲಿ ಆಡಬೇಕೆಂಬುದನ್ನು ತಮ್ಮ ಕೈಯಲ್ಲಿಟ್ಟುಕೊಂಡರು.

ಪಾರ್ಕಿನ್ ಜೀತದಾಳಲ್ಲ, ಆಟ ಬಿಟ್ಟು ಬೇರೆ ದುಡಿಮೆ ನೋಡಿಕೊಳ್ಳಲು ಅವನಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆದರೂ ಪ್ರಶ್ನೆಯ ಸ್ವರೂಪ ಹಳೆಯದು. ಅಮೆರಿಕದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಫ್ರೆಡರಿಕ್ ಡಗ್ಲಸ್‌ನನ್ನು 1846ರಲ್ಲಿ ಇಂಗ್ಲಿಷ್ ಗೆಳೆಯರು ಸುಮಾರು 150 ಪೌಂಡ್ ಕೊಟ್ಟು ಬಿಡಿಸಿದಾಗ, ಹಣ ಕೊಟ್ಟರೆ ಒಡೆಯನ ಹಕ್ಕನ್ನು ಒಪ್ಪಿದಂತಾಯಿತು ಎಂದು ಗುಲಾಮಗಿರಿಯ ವಿರೋಧಿಗಳಲ್ಲೇ ಕೆಲವರು ಆಕ್ಷೇಪಿಸಿದರು. ಬಿಡುಗಡೆಗೆ ಹಣ ತೆರುವುದೇ ಬೇರೆ, ಹಕ್ಕನ್ನು ಒಪ್ಪುವುದೇ ಬೇರೆ ಎಂಬುದು ಡಗ್ಲಸ್‌ನ ನಿಲುವಿನ ಸಾರ. ಪಾರ್ಕಿನ್‌ನ ನೂರು ಪೌಂಡಿಗೂ ಈ ಸಮಾಧಾನವೇ ಒಪ್ಪುತ್ತದೆ: ಅವನು ತನ್ನನ್ನು ಕೊಳ್ಳಲಿಲ್ಲ, ಕ್ಲಬ್‌ನ ತಡೆಯನ್ನು ಹಣ ಕೊಟ್ಟು ತೆರವು ಮಾಡಿಸಿದ.

ಲೀಗ್ ಗಾಬರಿಗೊಂಡದ್ದು ಬಹುಶಃ ಇದಕ್ಕೇ. ಕ್ಲಬ್‌ಗೆ ಕೇಳಿದ ಹಣ ಪೂರ್ತಿ ಸಂದಿತ್ತು, ನಷ್ಟವೇನೂ ಆಗಿರಲಿಲ್ಲ. ಕ್ಲಬ್ ಕ್ಲಬ್‌ಗಳ ನಡುವಿನ ವ್ಯವಹಾರದಲ್ಲಿ ಸರಕಾಗಿದ್ದವನು ಗಿರಾಕಿಯಾಗಿ ಬಂದು ನಿಂತದ್ದೇ ತೊಡಕು. ನಿಯಮ ಕಾಯ್ದುಕೊಂಡದ್ದು ಹಣವನ್ನಲ್ಲ, ಆ ಸ್ಥಾನಭೇದವನ್ನು.

ಇಂಥ ಹಿಡಿತ ನ್ಯಾಯಾಲಯದಲ್ಲಿ ಸೋತದ್ದು ಫುಟ್‌ಬಾಲ್‌ನ ಮೊಕದ್ದಮೆಯೊಂದರಲ್ಲಿ. ಆಟಗಾರ ಜಾರ್ಜ್ ಈಸ್ಟ್‌ಹ್ಯಾಮ್ ನ್ಯೂಕಾಸಲ್ ಯುನೈಟೆಡ್ ಕ್ಲಬ್ ಮೇಲೆ ಹೂಡಿದ್ದ ದಾವೆಯಲ್ಲಿ, ಕರಾರು ಮುಗಿದ ಮೇಲೂ ಆಟಗಾರನನ್ನು ಹಿಡಿದಿಟ್ಟುಕೊಳ್ಳುವುದು ಅವನ ವೃತ್ತಿಗೆ ಅನುಚಿತ ನಿರ್ಬಂಧ ಎಂದು 1963ರಲ್ಲಿ ತೀರ್ಪಾಯಿತು. ತೀರ್ಪಿತ್ತ ನ್ಯಾಯಾಧೀಶ ರಿಚರ್ಡ್ ವಿಲ್ಬರ್‌ಫೋರ್ಸ್, ಗುಲಾಮ ವ್ಯಾಪಾರದ ವಿರುದ್ಧ ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸ್‌ನ ವಂಶಜ. ಕರಾರು ಮುಗಿದವನಿಗೂ ಬೆಲೆ ಕೇಳುವ ಪದ್ಧತಿ ಮಾತ್ರ ಯುರೋಪಿನ ಫುಟ್‌ಬಾಲ್‌ನಲ್ಲಿ ಬೋಸ್ಮನ್ ಎಂಬ ಆಟಗಾರನ ಮೊಕದ್ದಮೆಯ 1995ರ ತೀರ್ಪಿನವರೆಗೂ ಉಳಿದಿತ್ತು.